ಮುಖಕ್ಕೆ ಮಾಸ್ಕ್ ಕಟ್ಟಿದ್ರೆ ಮುಗೀತು ಅಂತಾನಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮಾವನಿಗೆ 68 ವರ್ಷ. ಕಕ್ಕಡ ತಿಂಗಳ ಮಳೇಲಿ ತೋಟದಲ್ಲಿ ನೆಂದ್ಕೊಂಡು ಬಂದು ಜ್ವರ ಹಿಡೀತು, ನಾಲ್ಕನೇ ದಿನಕ್ಕೆ ಏದುಸಿರು, ಮಡಿಕೇರಿಲಿ ಅಡ್ಮಿಟ್ ಮಾಡಿದ್ವಿ, ಎಚ್1ಎನ್1 (ಹಂದಿಜ್ವರ) ನ್ಯುಮೋನಿಯಾ ಅಂದ್ರು. ಐಸಿಯುನಲ್ಲಿ ಒತ್ತಡದಲ್ಲಿ ಗಾಳಿ ಊದೋ ಬೈಪ್ಯಾಪ್ ಮಾಸ್ಕ್ ಬಿಗಿಯಾಗಿ ಕಟ್ಟಿದ್ರು. ಅದು ವೆಂಟಿಲೇಟರೇ, ಇನ್ನು ವಾಪಸ್ ಬರಲ್ಲ ಅಂತ ನೆಂಟರೆಲ್ಲ ಹೆದರಿಸಿದ್ರು. ಅತ್ತೆ ಗಂಜಿ ಕುಡಿಸೋಕೆ ಮಾಸ್ಕ್ ತೆಗೆದಿದ್ದಕ್ಕೆ ಸಿಸ್ಟರ್ ಬೈದೇಬಿಟ್ರು. ಈಗ ಮಾವ ಮನೇಲಿದ್ದಾರೆ, ಆದ್ರೂ ಕೇಳ್ತೀನಿ, ಅಷ್ಟು ಹಿಂಸೆ ಬೇಕಿತ್ತಾ?
— ಓದುಗರು, ಸೋಮವಾರಪೇಟೆ

ಉತ್ತರ: ಮಾವ ಮನೆಗೆ ಬಂದಿದ್ದು ಖುಷಿ. ಬೇಕಿತ್ತು ಅಂತಾನೇ ನಾನು ಹೇಳೋದು. (ನೆಂದಿದ್ದಕ್ಕೆ ಬಂದಿದ್ದಲ್ಲ, ವೈರಸ್ಸಿಂದ ಬಂದಿದ್ದು, ಪಾಪ ಮಳೆಯನ್ನ ಬೈಬೇಡಿ.)

ನರ್ಸರಿಲಿ ಕಾಫಿ ಗಿಡಕ್ಕೆ ಮಣ್ಣು ತುಂಬೋ ಪ್ಲಾಸ್ಟಿಕ್ ಕವರ್ ನೋಡಿದ್ದೀರಲ್ಲ, ಒದ್ದೆಯಾದ್ರೆ ಒಳಗಡೆ ಅಂಟ್ಕೊಂಡ್ಬಿಡುತ್ತೆ, ಊದಿ ಬಿಡಿಸ್ಬೇಕು. ವೈರಲ್ ನ್ಯುಮೋನಿಯಾದಲ್ಲಿ ಶ್ವಾಸಕೋಶದ ಗಾಳಿಚೀಲಗಳದ್ದೂ ಹೆಚ್ಚುಕಮ್ಮಿ ಇದೇ ಕಥೆ, ನೀರು ಬಾವು ಸೇರಿ ಮುಚ್ಕೊಳ್ಳುತ್ತೆ, ಬರೀ ಆಕ್ಸಿಜನ್ ಕೊಟ್ರೆ ಮುಚ್ಚಿದ ಚೀಲಕ್ಕೆ ಹೋಗೋದೇ ಇಲ್ಲ. ಇಂಥ ಮಾಸ್ಕ್ ಮೆಷಿನ್ ಎರಡು ಥರ: ಸಿಪ್ಯಾಪ್ ಒಂದೇ ಒತ್ತಡದಲ್ಲಿ ಗಾಳಿ ಕೊಟ್ಟು ಅವು ಮತ್ತೆ ಮುಚ್ಚದ ಹಾಗೆ ಹಿಡ್ಕೊಳ್ಳುತ್ತೆ, ಬೈಪ್ಯಾಪ್ ಉಸಿರು ಎಳೆಯುವಾಗ ಜಾಸ್ತಿ, ಬಿಡುವಾಗ ಕಮ್ಮಿ, ಹಾಗಾಗಿ ಸುಸ್ತಾದ ಎದೆಗೂ ಸ್ವಲ್ಪ ರೆಸ್ಟ್. ಗಂಟಲಿಗೆ ಟ್ಯೂಬ್ ಇಲ್ಲ, ಮತ್ತಿನ ಔಷಧಿ ಕೊಟ್ಟು ಮಲಗಿಸೋದೂ ಇಲ್ಲ. ನೆಂಟರು ಹೇಳೋ ವೆಂಟಿಲೇಟರ್ ಬೇರೆ.

ಸಿಸ್ಟರ್ ಬೈದಿದ್ದು ತಪ್ಪಲ್ಲ ರೀ. ಮಾಸ್ಕ್ ತೆಗೆದ ಕೂಡ್ಲೇ ಆ ಒತ್ತಡ ಹೋಯ್ತು, ಬಿಡಿಸಿದ ಚೀಲ ಮತ್ತೆ ಅಂಟುತ್ತೆ, ಸ್ಯಾಚುರೇಷನ್ (ರಕ್ತದ ಆಕ್ಸಿಜನ್ ಮಟ್ಟ) ಇಳಿಯುತ್ತೆ, ಮೇಲಿಂದ ಏದುಸಿರಲ್ಲಿ ಕುಡಿಸಿದ ಗಂಜಿ ಶ್ವಾಸಕೋಶಕ್ಕೇ ಹೋಗಬಹುದು. ಊಟಕ್ಕೆ ಬಿಡುವು ಕೊಡೋದು ಅವ್ರೇ ನೋಡಿ ಕೊಡ್ತಾರೆ. ಅತ್ತೆ ಪಕ್ಕದಲ್ಲಿ ಕೂತು ಕೈ ಹಿಡ್ಕೊಂಡು "ಮೆಲ್ಲಗೆ ಉಸಿರು ಬಿಡಿ" ಅಂದಿದ್ರೆ ಗಂಜಿಗಿಂತ ಜಾಸ್ತಿ ಉಪಕಾರ ಆಗಿರೋದು, ಯಾಕಂದ್ರೆ ಮೊದಲ ಒಂದೆರಡು ಗಂಟೆ ಉಸಿರುಕಟ್ಟಿದ ಹಾಗಾಗಿ ಸುಮಾರು ಜನ ಕಿತ್ತು ಹಾಕ್ತಾರೆ. ಮೂಗಿನ ಮೇಲೆ ಗಾಯ, ಹೊಟ್ಟೆ ಉಬ್ಬರ ಇದ್ದಿದ್ದೇ.

ಬ್ರಿಟನ್ನಲ್ಲಿ 2020-21ರಲ್ಲಿ 1,273 ಕೋವಿಡ್ ರೋಗಿಗಳ ಮೇಲೆ ಒಂದು ದೊಡ್ಡ ಟ್ರಯಲ್ ಆಯ್ತು. ಮಾಮೂಲಿ ಆಕ್ಸಿಜನ್ ಕೊಟ್ಟವರಲ್ಲಿ 30 ದಿನದೊಳಗೆ ಟ್ಯೂಬ್ ಬೇಕಾದವರು ಇಲ್ಲಾ ತೀರಿಕೊಂಡವರು ನೂರಕ್ಕೆ 44, ಸಿಪ್ಯಾಪ್ ಕೊಟ್ಟವರಲ್ಲಿ 36. ಅದು ಕೋವಿಡ್ ಲೆಕ್ಕ, ಎಚ್1ಎನ್1ಗೆ ಹಾಗೇ ಅಂಟಿಸೋಕಾಗಲ್ಲ, ಆದ್ರೂ ಮಾಸ್ಕ್ ಹಾಕಿದ್ರೆ ಕಥೆ ಮುಗೀತು ಅನ್ನೋರಿಗೆ ಇದನ್ನ ತೋರಿಸಿ.

ನನ್ನ ಭಯ ಬೇರೆ ಕಡೆ ಇದೆ. ಮಾಸ್ಕ್ ಹಾಕಿ ಒಂದೆರಡು ಗಂಟೆಯಾದ್ರೂ ಉಸಿರಿನ ವೇಗ ಇಳೀಲಿಲ್ಲ, ರೋಗಿ ಮಂಪರಾಗ್ತಿದ್ದಾರೆ, ಬಿಪಿ ಬೀಳ್ತಿದೆ ಅಂದ್ರೆ ಟ್ಯೂಬ್ ಹಾಕಲೇಬೇಕಾಗಬಹುದು, ಆಗ ಮನೆಯವರು "ಮೈಸೂರಿಂದ ಅಣ್ಣ ಬರ್ಲಿ, ಕೇಳಿ ಹೇಳ್ತೀವಿ" ಅಂತ ಅರ್ಧ ದಿನ ಕಳೆದ್ರೆ ಕಷ್ಟ.

ಪ್ರಶ್ನೆ: ಗೊರಕೆಗೆ ಅಂತ ಮನೇಲಿ ಸಿಪ್ಯಾಪ್ ಮೆಷಿನ್ ಇದೆ. ಜೋರು ಜ್ವರ, ಕೆಮ್ಮು ಬಂದ್ರೆ ಅದನ್ನೇ ಹಾಕ್ಕೊಂಡು ಮನೇಲಿರಬಹುದಾ?
— ಓದುಗರು, ಗೋಣಿಕೊಪ್ಪ

ಉತ್ತರ: ಬೇಡ. ಅದು ರೂಮಿನ ಗಾಳಿಯನ್ನೇ ಊದೋದು, ಮಳೆಗಾಲದ ನಮ್ಮೂರ ಕರೆಂಟ್ ಬೇರೆ ನಂಬೋ ಹಾಗಿಲ್ಲ. ಗೊರಕೆಗೆ ಎಂದಿನ ಹಾಗೆ ಬಳಸಿ, ಬೇರೆ ರೂಮಲ್ಲಿ ಮಲಗಿ, ಅದರ ಗಾಳೀಲಿ ವೈರಸ್ ಹರಡಬಹುದು. ಪಲ್ಸ್ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದ್ರೆ, ಇಲ್ಲಾ ಒಂದು ಪೂರ್ತಿ ಮಾತು ಹೇಳೋಕೆ ಉಸಿರು ಸಾಲದಿದ್ರೆ ಗಾಡಿ ತೆಗೀರಿ. ರಾತ್ರಿ ಆದ್ರೂ ಸರಿ.