ಹಸುವಿಗೆ ಕೈ ಹಾಕಿದರೆ ಏನೂ ಸಿಗುತ್ತಿಲ್ಲ, ನನ್ನಿಂದ ಈ ಕೆಲಸ ಆಗುತ್ತಾ?

ಪಶುವೈದ್ಯಕೀಯದ ಕೊನೇ ವರ್ಷ, ಹೈನು ಹಸುಗಳ ಕ್ಲಿನಿಕ್ ಪೋಸ್ಟಿಂಗ್ ಶುರುವಾಗಿ ಐದು ವಾರ. ಗಬ್ಬ ಪರೀಕ್ಷೆಗೆ ಗುದದ್ವಾರದ ಮೂಲಕ ಕೈ ಹಾಕಿದರೆ ಸಗಣಿ ಬಿಟ್ಟು ಬೇರೇನೂ ಸಿಗುತ್ತಿಲ್ಲ, ಎಡಗೈಯಾ ಬಲಗೈಯಾ ಅನ್ನೋದೂ ಗೊಂದಲ ಅಂತ ಬರೆದಿದ್ದೀರಿ. ಐದು ವಾರಕ್ಕೆ ಸಿಗದಿರುವುದು ಏನೂ ವಿಚಿತ್ರವಲ್ಲ.

ಒಂದು ಮಾತು ಕೇಳುತ್ತೇನೆ. ಮೇಷ್ಟ್ರು "ಸಿಕ್ತಾ?" ಅಂದಾಗ ನೀವು "ಸಿಕ್ತು ಸರ್" ಅಂತೀರಾ? ನಾನು ಹಾಗೇ ಅನ್ನುತ್ತಿದ್ದೆ. ಒಂದು ದಿನ ಅವರು "ಗರ್ಭಕೋಶದ ಯಾವ ಕೊಂಬಲ್ಲಿ ಕರು ಇದೆ?" ಅಂದರು. ಗರ್ಭಕೋಶದ ಎರಡು ಕವಲುಗಳಿಗೇ ಕೊಂಬು ಅನ್ನುವುದು. ಬಲಗಡೆ ಅಂದೆ. ಆ ಹಸು ಗಬ್ಬವೇ ಆಗಿರಲಿಲ್ಲ. ಸುತ್ತ ನಿಂತಿದ್ದವರ ಜೊತೆ ನಾನೂ ನಕ್ಕೆ, ಬೇರೆ ಏನು ಮಾಡಲಿ? ಆದರೆ ಅವತ್ತಿನಿಂದ "ಇಲ್ಲ ಸರ್, ಸಿಗಲಿಲ್ಲ" ಅನ್ನಲು ಶುರು ಮಾಡಿದೆ. ಅವರು ಪಕ್ಕದಲ್ಲಿ ನಿಂತು ಹೇಳಿಕೊಟ್ಟಿದ್ದು ಆಮೇಲೆಯೇ.

ಈಗ ಕೈಯ ವಿಷಯ. ಉಂಗುರ, ವಾಚು ತೆಗೆಯಿರಿ, ಉಗುರು ಕತ್ತರಿಸಿ. ಗ್ಲೌಸಿಗೆ ಜಾರುಕ ಜಾಸ್ತಿಯೇ ಹಚ್ಚಿ. ಬೆರಳುಗಳನ್ನು ಮೊಗ್ಗಿನ ಹಾಗೆ ಕೂಡಿಸಿ ಒಳಗೆ ಬಿಡಿ, ಸಗಣಿ ಖಾಲಿ ಮಾಡಿ. ಹಸು ತಿಣುಕಿದಾಗ ಕರುಳು ಕೈಯನ್ನು ಹಿಂಡುತ್ತದೆ. ಆಗ ತಳ್ಳಬೇಡಿ. ಸುಮ್ನೆ ನಿಲ್ಲಿ, ಬೇಕಿದ್ದರೆ ಒಂದು ಗೇಣು ಹಿಂದಕ್ಕೆ ಬನ್ನಿ. ಆ ಅಲೆ ಹಾದುಹೋದ ಮೇಲೆ ಕರುಳು ಸಡಿಲವಾಗುತ್ತದೆ. ಕೆಲಸವೆಲ್ಲ ಆ ಸ್ವಲ್ಪ ಹೊತ್ತಿನಲ್ಲೇ.

ಹೊಸಬರು ಹೆಚ್ಚಾಗಿ ತಪ್ಪುವುದು ಎಲ್ಲಿ ಗೊತ್ತಾ? ತೋಳಿನ ತನಕ ಕೈ ಹಾಕಿ ಎಲ್ಲೋ ಮುಂದೆ ಹುಡುಕುತ್ತಾರೆ. ಗಬ್ಬ ಇಲ್ಲದ ಹಸುವಿನ ಗರ್ಭಕೋಶ ಸಾಮಾನ್ಯವಾಗಿ ಸೊಂಟದ ಮೂಳೆಗಳ ನಡುವೆ ಅಥವಾ ಅದರ ಅಂಚಿನಲ್ಲೇ ಇರುತ್ತದೆ. ನೀವು ಅದನ್ನು ದಾಟಿಹೋಗಿರುತ್ತೀರಿ! ಅಂಗೈ ಕೆಳಗೆ ಮಾಡಿ, ಕರುಳಿನ ಗೋಡೆಯ ಮೇಲಿಂದಲೇ ಸೊಂಟದ ಮೂಳೆಯ ತಳವನ್ನು ಅಡ್ಡಕ್ಕೆ ಸವರಿ. ಗಟ್ಟಿಯಾದ, ಗಂಟುಗಂಟಾದ ಕೊಳವೆ ತಗುಲಿದರೆ ಅದೇ ಸರ್ವಿಕ್ಸ್, ಅಂದರೆ ಗರ್ಭಕೋಶದ ಕೊರಳು. ಅದರ ಜಾಡು ಹಿಡಿದು ಮುಂದೆ ಹೋದರೆ ಗರ್ಭಕೋಶ, ಅದು ಕವಲೊಡೆಯುವ ಜಾಗ, ಎರಡು ಕೊಂಬು. ಸದ್ಯಕ್ಕೆ ಸರ್ವಿಕ್ಸ್ ಒಂದನ್ನೇ ಹುಡುಕಿ. ಪ್ರತಿ ಹಸುವಿನಲ್ಲೂ ಅದು ಸಿಗುವ ತನಕ ಅಂಡಾಶಯದ ಆಸೆ ಬಿಡಿ.

ಗ್ಲೌಸಿನಲ್ಲಿ ರಕ್ತ ಕಂಡರೆ ಅಲ್ಲಿಗೇ ನಿಲ್ಲಿಸಿ ಮೇಷ್ಟ್ರಿಗೆ ಹೇಳಿ. ಒಂದೇ ಹಸುವಿಗೆ ಹತ್ತು ಜನ ಸಾಲಾಗಿ ಕೈ ಹಾಕುವುದು ನನಗಂತೂ ಸರಿಯೆನಿಸುವುದಿಲ್ಲ.

ಗಬ್ಬ ಹೇಳಲು ಅನುಭವಿಗಳ ಕೈಗೂ ಸುಮಾರು 35 ದಿನವಾದರೂ ಆಗಿರಬೇಕು. ನೀವು ಎರಡು, ಮೂರು ತಿಂಗಳ ಗಬ್ಬದಿಂದ ಶುರು ಮಾಡಿ. ಗರ್ಭಕೋಶ ದೊಡ್ಡದಾಗಿದೆ ಅಂದ ಮಾತ್ರಕ್ಕೆ ಗಬ್ಬ ಅನ್ನಬೇಡಿ, ಕೀವು ತುಂಬಿದ್ದರೂ ದೊಡ್ಡದಾಗುತ್ತದೆ. ಕರುವಿನ ಪೊರೆ ಬೆರಳಿಂದ ಜಾರುವುದು, ಕರುವಿನ ನೀರ್ಚೀಲ, ಗರ್ಭಕೋಶದ ಗೋಡೆಯಲ್ಲಿ ಅಂಗಿ ಗುಂಡಿಯಂಥ ಉಬ್ಬುಗಳು, ಇಲ್ಲವೇ ಕರುವೇ ಸಿಗಬೇಕು. ಮೇಷ್ಟ್ರು ಕೈ ಹಾಕುವ ಮುಂಚೆ ನಿಮ್ಮ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಲ್ಟ್ರಾಸೌಂಡ್ ಇದ್ದರೆ ಅದರ ಜೊತೆ ತಾಳೆ ನೋಡಿ. ನನ್ನ ಆ ನೋಟ್‌ಬುಕ್ಕಿನ ಮೊದಲ ಪುಟಗಳು ಪೂರ್ತಿ ಕೆಂಪು ಗೆರೆ.

ಆದರೆ ಪೋಸ್ಟಿಂಗ್ ಅಂದರೆ ಇಷ್ಟೇ ಅಲ್ಲ. ದಿನಾ ಒಂದೆರಡು ಆರೋಗ್ಯವಂತ ಹಸುಗಳನ್ನು ಪೂರ್ತಿ ನೋಡಿ. ಮುಟ್ಟುವ ಮೊದಲು ದೂರ ನಿಂತು, ಮೆಲುಕು ಹಾಕುತ್ತಿದೆಯಾ, ಹೇಗೆ ನಿಂತಿದೆ ಅಂತ ಗಮನಿಸಿ. ಮೈಬಿಸಿ ನೋಡಿ, 38.5 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು. ಎಡ ಪಕ್ಕೆಗೆ ಸ್ಟೆತಸ್ಕೋಪ್ ಇಟ್ಟರೆ ಎರಡು ನಿಮಿಷದಲ್ಲಿ ಎರಡು ಮೂರು ಸಲ ರೂಮೆನ್ (ಮೇವು ತುಂಬಿರುವ ದೊಡ್ಡ ಹೊಟ್ಟೆ) ಗುಡುಗಿದ ಸದ್ದು ಕೇಳುತ್ತದೆ. ಆ ಸದ್ದು ಕಿವಿಗೆ ರೂಢಿಯಾಗಿದ್ದರೆ, ಅಬೊಮೇಸಮ್ (ಹಸುವಿನ ನಾಲ್ಕನೇ ಹೊಟ್ಟೆ) ಎಡಕ್ಕೆ ಸರಿದ ಹಸು ಬಂದ ದಿನ ಪಕ್ಕೆಲುಬಿನ ಮೇಲೆ ಬೆರಳು ಚಿಮ್ಮಿದಾಗ ಬರುವ 'ಟಿಂಗ್' ಅನ್ನೋ ಲೋಹದ ಸದ್ದು ಬೇರೆಯೇ ಅಂತ ತಕ್ಷಣ ಗೊತ್ತಾಗುತ್ತದೆ.

ಹಾಲು ಜ್ವರದ, ಅಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದ ಹಸುವಿನ ಕೇಸು ಬಂದರೆ ಬಿಡಬೇಡಿ. ಕರು ಹಾಕಿ ಒಂದೆರಡು ದಿನ, ಕತ್ತು ಪಕ್ಕಕ್ಕೆ ಹೊರಳಿಸಿ ಮಲಗಿರುತ್ತದೆ, ಕಿವಿ ತಣ್ಣಗೆ. ಹೆಸರಲ್ಲಿ ಜ್ವರ ಇದ್ದರೂ ಮೈ ಬಿಸಿ ಇರುವುದಿಲ್ಲ. ಕ್ಯಾಲ್ಸಿಯಂ ನಿಧಾನ ಹನಿಯುತ್ತಿರುವಾಗ ಎದೆಗೆ ಸ್ಟೆತಸ್ಕೋಪ್ ಇಡುವ ಕೆಲಸ ನೀವೇ ಕೇಳಿ ಪಡೆಯಿರಿ. ಬಡಿತ ತಾಳ ತಪ್ಪಿದರೆ ಬಾಟಲಿ ನಿಲ್ಲಿಸಬೇಕು. ಸರಿಹೋದರೆ ತೇಗುತ್ತದೆ, ಸಗಣಿ ಹಾಕುತ್ತದೆ, ಎಷ್ಟೋ ಸಲ ನಿಮ್ಮೆದುರೇ ಎದ್ದು ನಿಲ್ಲುತ್ತದೆ.

ಜೊಲ್ಲು ಸುರಿಸುತ್ತ ನುಂಗಲಾಗದೆ ನಿಂತ ಹಸುವಿನ ಬಾಯಿಗೆ ಮಾತ್ರ ಸುಮ್ನೆ ಕೈ ಹಾಕಬೇಡಿ, ರೇಬಿಸ್ ಇರಬಹುದು. ನಿಮ್ಮ ಲಸಿಕೆ ಆಗಿದೆ ಅಲ್ವಾ? ಕರು ಹಾಕಿದ ಮೇಲೆ ಕಸ (ಮಾಸು) ಬೀಳದ ಹಸು ನೋಡುವಾಗಲೂ ಗ್ಲೌಸ್ ಬೇಕೇ ಬೇಕು, ಹಸುಗಳಲ್ಲಿ ಗರ್ಭಪಾತ ತರುವ ಬ್ರುಸೆಲ್ಲೋಸಿಸ್ ರೋಗ ನಮಗೂ ಅಂಟುತ್ತದೆ.

ಎಡಗೈಯಾ ಬಲಗೈಯಾ ಅಂದಿರಿ. ನೀವು ಬಲಗೈಯವರಾದರೆ ಎಡಗೈ ಹಾಕಿ ಕಲಿಯಿರಿ. ಮುಂದೆ ಕೃತಕ ಗರ್ಭಧಾರಣೆ ಮಾಡುವಾಗ ವೀರ್ಯ ಬಿಡುವ ಗನ್ ಹಿಡಿಯಲು ಬಲಗೈ ಖಾಲಿ ಇರಬೇಕಲ್ಲ. ಮೊದಮೊದಲು ಕೈ ಮರಗಟ್ಟುತ್ತದೆ. ಹೊರಗೆ ತೆಗೆದು, ಕೊಡವಿ, ಮತ್ತೆ ಹಾಕಿ.