ಬೇವೋ ಹೊಂಗೆಯೋ? ಗುಂಡಿಯಲ್ಲಿ ನೀರು ನಿಲ್ಲಿಸಿ ನೋಡಿ

ಪ್ರಶ್ನೆ: ಸಿಂಧನೂರು ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಉಪಕಾಲುವೆ ಪಕ್ಕದಲ್ಲಿ ಹೊಸ ಮನೆ ಕಟ್ಟಿದ್ದೇವೆ. ಎರಿ ಭೂಮಿ, ಅಂದರೆ ಕಪ್ಪು ಜಿಗಟು ಮಣ್ಣು. ಮನೆ ಮುಂದೆ 35 ಅಡಿ ಜಾಗವಿದ್ದು, ಗರಸು (ಸಣ್ಣ ಕಲ್ಲು ಬೆರೆತ ಒರಟು ಮಣ್ಣು) ಹಾಕಿ 3 ಅಡಿ ಎತ್ತರಿಸಿದ್ದೇವೆ. ಹಿಂದೆ, ಪಶ್ಚಿಮಕ್ಕೆ 45 ಅಡಿ ಖಾಲಿ ಇದೆ, ಅದರಾಚೆ ಭತ್ತದ ಗದ್ದೆ. ನೆರಳಿಗೆ ಎರಡು ಮರ ಹಾಕಬೇಕು. ಮನೆಯ ಹಿರಿಯರು ಬೇವು ಅಂತಾರೆ, ನರ್ಸರಿಯವರು ಹೊಂಗೆ ಅಂತಾರೆ. ಹಿಂದುಗಡೆ ಹಾಕಿದ್ದ ಒಂದು ಬೇವಿನ ಸಸಿ ಎರಡನೇ ವರ್ಷ ಹಳದಿಯಾಗಿ ಸತ್ತುಹೋಯಿತು. ಏನು ಮಾಡುವುದು?

ಉತ್ತರ: ಹಿಂದೆ ಹೊಂಗೆ, ಮುಂದೆ ಬೇವು. ಹೀಗೆ ಏಕೆ ಹೇಳುತ್ತಿದ್ದೇವೆ ಎಂಬುದಕ್ಕೆ ಸತ್ತ ಸಸಿಯೇ ಸಾಕ್ಷಿ. ರಾಯಚೂರು ಸೀಮೆಯ 42–43 ಡಿಗ್ರಿ ಬಿಸಿಲನ್ನು ಬೇವು ಆರಾಮಾಗಿ ತಡೆದುಕೊಳ್ಳುತ್ತದೆ. ಬೇರಿನ ಸುತ್ತ ನಿಂತ ನೀರು ಮಾತ್ರ ಅದಕ್ಕೆ ಆಗಿಬರುವುದಿಲ್ಲ. ಗದ್ದೆಗೆ ನೀರು ಕಟ್ಟಿದಾಗ ಪಕ್ಕದ ಎರಿ ಮಣ್ಣೂ ತಿಂಗಳುಗಟ್ಟಲೆ ನೆನೆದೇ ಇರುತ್ತದೆ. ಬೇರಿಗೆ ಗಾಳಿ ಸಿಗುವುದಿಲ್ಲ, ಬೇರು ಕೊಳೆಯುತ್ತದೆ, ಎಲೆ ಹಳದಿಯಾಗುತ್ತದೆ. ನೋಡಿದವರು ನೀರು ಸಾಲದು ಅಂದುಕೊಂಡು ಇನ್ನೆರಡು ಕೊಡ ಸುರಿಯುತ್ತಾರೆ. ಅಲ್ಲಿಗೆ ಮುಗಿಯಿತು.

ಹೊಂಗೆ, ಅಂದರೆ ಹುಲಿಗಿಲಿ, ಹಳ್ಳ ಹೊಳೆಗಳ ದಂಡೆಯಲ್ಲಿ ತಾನಾಗಿಯೇ ಬೆಳೆಯುವ ಮರ. ಸ್ವಲ್ಪ ದಿನ ನೀರು ನಿಂತರೂ, ಮಣ್ಣಿನಲ್ಲಿ ಸವುಳು (ಉಪ್ಪು, ಕ್ಷಾರ) ಇದ್ದರೂ ಬದುಕುತ್ತದೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದರೂ ಆಳಕ್ಕೆ ಇಳಿದ ಬೇರು ಅದನ್ನು ಹಿಡಿದಿಡುತ್ತದೆ. ದ್ವಿದಳ ಜಾತಿಯಾದ್ದರಿಂದ ಬೇರಿನ ಗಂಟುಗಳಲ್ಲಿ ಸಾರಜನಕವನ್ನೂ ಸ್ಥಿರೀಕರಿಸುತ್ತದೆ.

ನಮ್ಮ ಮಾತನ್ನೂ ನಂಬಬೇಡಿ, ಜಾಗವನ್ನೇ ಕೇಳಿ. ಮರ ಬರುವ ಕಡೆ 2 ಅಡಿ ಆಳದ ಗುಂಡಿ ತೋಡಿ, ಸಂಜೆ ತುಂಬ ನೀರು ಹಾಕಿ ಇಂಗಲು ಬಿಡಿ. ಮರುದಿನ ಬೆಳಿಗ್ಗೆ ಮತ್ತೆ ತುಂಬಿ, ಆಗಿನಿಂದ ಗಂಟೆ ಲೆಕ್ಕ ಹಿಡಿಯಿರಿ. ಹನ್ನೆರಡು ತಾಸಿನೊಳಗೆ ಖಾಲಿಯಾದರೆ ಎರಡೂ ಮರ ಬರುತ್ತವೆ. ಇಪ್ಪತ್ನಾಲ್ಕು ತಾಸು ಕಳೆದರೂ ತಳದಲ್ಲಿ ನೀರಿದ್ದರೆ ಬೇವಿನ ಆಸೆ ಬಿಡಿ, ದಿಬ್ಬ ಮಾಡಿ ಹೊಂಗೆ ಹಾಕಿ. ಗುಂಡಿ ತೋಡುತ್ತಿದ್ದಂತೆಯೇ ಕೆಳಗಿನಿಂದ ನೀರು ಒಸರಿದರೆ ಅಂತರ್ಜಲ ಬೇರಿನ ಮಟ್ಟಕ್ಕೇ ಬಂದಿದೆ ಎಂದರ್ಥ. ಅಲ್ಲಿ ಹೊಂಗೆಯೂ ದಿಬ್ಬದ ಮೇಲೆಯೇ ಏಳಬೇಕು.

ಈ ಪರೀಕ್ಷೆಯನ್ನು ಆಗಸ್ಟ್‌ನಿಂದ ನವೆಂಬರ್ ಒಳಗೆ, ಕಾಲುವೆಯಲ್ಲಿ ನೀರಿದ್ದು ಗದ್ದೆ ಹಸಿರಾಗಿರುವಾಗಲೇ ಮಾಡಬೇಕು. ಮೇ ತಿಂಗಳಲ್ಲಿ ಎರಿ ಮಣ್ಣು ಬಾಯಿಬಿಟ್ಟಿರುತ್ತದೆ. ಬಿರುಕಿಗಿಳಿದ ನೀರು ಅರ್ಧ ತಾಸಿನಲ್ಲಿ ಮಾಯವಾಗಿ, ‘ನೀರು ಚೆನ್ನಾಗಿ ಇಂಗುತ್ತದೆ’ ಎಂದು ಸುಳ್ಳು ಸಾಕ್ಷಿ ಹೇಳುತ್ತದೆ. ಅದನ್ನು ನೋಡಿ ಜೂನ್‌ನಲ್ಲಿ ಬೇವು ನೆಟ್ಟರೆ ಮುಂದಿನ ದೀಪಾವಳಿ ಹೊತ್ತಿಗೆ ಗೊತ್ತಾಗುತ್ತದೆ.

ಗುಂಡಿಯ ಅಂಚಿನಲ್ಲಿ ಒಣಗಿದ ಮೇಲೆ ಬಿಳಿ ಪೊರೆ ಕಟ್ಟಿದರೆ ಅದು ಸವುಳು. ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ. ಪಿಎಚ್ 8.5 ದಾಟಿದ್ದರೆ ಗುಂಡಿಯ ಮಣ್ಣಿಗೆ 3 ಕೆಜಿ ಜಿಪ್ಸಂ ಬೆರೆಸಿ, ನಾಲ್ಕಾರು ಸಲ ನೀರು ಹಾಯಿಸಿ, ಆಮೇಲೆ ಸಸಿ ಇಡಿ.

ಇನ್ನು ನೆಡುವ ಕೆಲಸ. ಎರಿ ಮಣ್ಣಿನಲ್ಲಿ ದೊಡ್ಡ ಗುಂಡಿ ತೋಡಿ ತುಂಬ ಉಸುಕು, ಗೊಬ್ಬರ ಹಾಕುವ ಪದ್ಧತಿಯೊಂದಿದೆ. ಮಳೆಗಾಲದಲ್ಲಿ ಸುತ್ತಲಿನ ಜಿಗಟು ಮಣ್ಣಿನಿಂದ ನೀರು ಇಳಿದು ಬಂದು ಆ ಸಡಿಲ ಗುಂಡಿಯಲ್ಲೇ ನಿಲ್ಲುತ್ತದೆ, ಸಸಿ ಹರಿವಾಣದಲ್ಲಿಟ್ಟ ಹಾಗೆ ನೆನೆಯುತ್ತದೆ. ಅದಕ್ಕೆ 2 ಅಡಿ ಉದ್ದ, ಅಗಲ, ಆಳದ ಗುಂಡಿ ಸಾಕು. ತೆಗೆದ ಮಣ್ಣನ್ನೇ ಮೂರು ಪಾಲು, ಗರಸು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ 10–15 ಕೆಜಿ, ಗೆದ್ದಲಿಗೆ ಅರ್ಧ ಕೆಜಿ ಹೊಂಗೆ ಅಥವಾ ಬೇವಿನ ಹಿಂಡಿ ಬೆರೆಸಿ ತುಂಬಿ. ಹಸಿ ಸಗಣಿ ಬೇಡ, ಗೆದ್ದಲಿಗೆ ಔತಣ ಕೊಟ್ಟಂತೆ. ಗದ್ದೆ ಕಡೆಯ ಹೊಂಗೆಗೆ ನೆಲಮಟ್ಟಕ್ಕಿಂತ ಒಂದೂವರೆ ಅಡಿ ಎತ್ತರ, ಐದಾರು ಅಡಿ ಅಗಲದ ದಿಬ್ಬ ಕಟ್ಟಿ, ಅದರ ನೆತ್ತಿಯಲ್ಲಿ ಸಸಿ ಇಡಿ.

ಮುಂದಿನ ಗರಸಿನಲ್ಲಿ ತೊಂದರೆ ಬೇರೆ ಥರ. ರೋಲರ್ ಹೊಡೆದ ಗರಸು ಕಲ್ಲಿನಷ್ಟೇ ಗಟ್ಟಿ. ಅಲ್ಲಿ 3 ಅಡಿ ಗುಂಡಿ ಬೇಕು, ತಳವನ್ನು ಹಾರೆಯಿಂದ ಇನ್ನೂ ಒಂದು ಅಡಿ ಸಡಿಲಿಸಿ ಹಳೆಯ ಎರಿ ಮಣ್ಣು ಕಾಣುವ ಹಾಗೆ ಮಾಡಿ. ಇಲ್ಲದಿದ್ದರೆ ಬೇರು ಕೆಳಗಿಳಿಯದೆ ಗುಂಡಿಯೊಳಗೇ ಸುತ್ತುತ್ತದೆ, ಏಳೆಂಟು ವರ್ಷದ ಮರ ಒಂದು ಜೋರು ಗಾಳಿಗೆ ಬುಡಸಮೇತ ಮಗುಚುತ್ತದೆ. ಇಲ್ಲಿ ತುಂಬಲು ಅರ್ಧ ಎರಿ, ಅರ್ಧ ಗರಸು, ಅದೇ ಪ್ರಮಾಣದ ಗೊಬ್ಬರ.

ಸಸಿ ಆರಿಸುವಾಗ ಎತ್ತರ ನೋಡಿ ಮರುಳಾಗಬೇಡಿ. 3–4 ಅಡಿಯ, ಒಂದು ವರ್ಷದ ಸಸಿ ಸಾಕು. ಚೀಲದ ತಳ ತಿರುಗಿಸಿ ನೋಡಿ. ಬೆರಳು ದಪ್ಪದ ಬೇರು ಚೀಲ ಸೀಳಿ ನೆಲಕ್ಕಿಳಿದಿದ್ದರೆ, ಇಲ್ಲವೇ ಒಳಗೆ ಸಿಂಬಿಯಂತೆ ಸುತ್ತಿದ್ದರೆ ಬಿಡಿ. ನೆಡುವಾಗ ಚೀಲವನ್ನು ಪೂರ್ತಿ ತೆಗೆಯಬೇಕು, ಅರ್ಧ ಹರಿದು ಇಡುವುದಲ್ಲ. ಇನ್ನೊಂದು ಎಚ್ಚರಿಕೆ: ಬೇವು ಕೇಳಿದರೆ ಹೆಬ್ಬೇವು ಕೊಟ್ಟು ಕಳಿಸುವುದುಂಟು. ಅದು ಬೇಗ ಬೆಳೆಯುವ ಬೇರೆಯೇ ಮರ, ಕಟ್ಟಿಗೆಯ ತೋಟಕ್ಕೆ ಸರಿ, ಮನೆ ಮುಂದಿನ ಗಾಳಿಗೆ ಕೊಂಬೆ ಮುರಿಯುತ್ತದೆ. ಹೆಬ್ಬೇವಿನ ಎಲೆ ಕವಲೊಡೆದು ಮತ್ತೆ ಕವಲೊಡೆದಿರುತ್ತದೆ. ಬೇವಿನದು ಒಂದೇ ದಂಟಿನ ಎರಡೂ ಬದಿಗೆ ಗರಗಸದಂಚಿನ, ವಾರೆಯಾದ ಚಿಕ್ಕ ಎಲೆ.

ದೂರದ ವಿಷಯಕ್ಕೆ ನಮ್ಮ ಕಡೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಆದರೆ ಎರಿಯಲ್ಲಿ ಅದೇ ದುಬಾರಿ. ಬೇಸಿಗೆಯಲ್ಲಿ ಮರ ಪಾಯದ ಕೆಳಗಿನ ತೇವ ಹೀರಿದಾಗ ಎರಿ ಮಣ್ಣು ಕುಗ್ಗುತ್ತದೆ, ಮಳೆಗೆ ಮತ್ತೆ ಉಬ್ಬುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುವುದಕ್ಕೆ ಇದೂ ಒಂದು ಕಾರಣ. ಬೇವು 50 ಅಡಿ ಎತ್ತರ, ಅಷ್ಟೇ ಅಗಲ ಹರಡಬಲ್ಲ ಮರ. ಅದನ್ನು ಗೋಡೆಯಿಂದ 30 ಅಡಿ ದೂರ, ರಸ್ತೆ ಕಡೆಯ ಮೂಲೆಗೆ ತಳ್ಳಿ. ಆ ಮೂಲೆಯಲ್ಲಿ ಮೇಲೆ ಕರೆಂಟ್ ತಂತಿ ಇದ್ದರೆ ಇನ್ನೊಂದು ಮೂಲೆ ನೋಡಿ. ಹೊಂಗೆ ಸಾಮಾನ್ಯವಾಗಿ 30–40 ಅಡಿಯಲ್ಲಿ ನಿಲ್ಲುತ್ತದೆ. ಗೋಡೆಯಿಂದ 25 ಅಡಿ ಇರಲಿ, ಗದ್ದೆಯ ಬದುವಿನಿಂದ 15–20 ಅಡಿ ಒಳಗಿರಲಿ. ಬದುವಿಗೇ ಹಾಕಿದರೆ ನೆರಳಿಗೆ ಭತ್ತ ಸೊರಗುತ್ತದೆ, ನೆರೆಯವರ ಜೊತೆ ಮಾತೂ ಸೊರಗುತ್ತದೆ. ಸಂಪ್, ಸೆಪ್ಟಿಕ್ ಗುಂಡಿಯಿಂದ ಎರಡನ್ನೂ ದೂರ ಇಡಿ. ಹೊಂಗೆಯ ಅಡ್ಡಬೇರು ತೇವ ಹುಡುಕಿಕೊಂಡು ಬಹಳ ದೂರ ಹೋಗುತ್ತದೆ, ಗಾಯವಾದ ಕಡೆ ಮೇಲೆ ಚಿಗುರೂ ಎಬ್ಬಿಸುತ್ತದೆ.

ನೆಡಲು ಜುಲೈ ಕೊನೆ, ಆಗಸ್ಟ್ ಒಳ್ಳೆಯದು. ನಮ್ಮಲ್ಲಿ ಸೆಪ್ಟೆಂಬರ್‌ನಲ್ಲೇ ಹೆಚ್ಚು ಮಳೆ, ಅಷ್ಟರೊಳಗೆ ಸಸಿ ಬೇರು ಹಿಡಿದಿರಬೇಕು. ಮೊದಲ ಬೇಸಿಗೆ, ಫೆಬ್ರವರಿಯಿಂದ ಮೇವರೆಗೆ, ವಾರಕ್ಕೊಮ್ಮೆ 20 ಲೀಟರ್. ದಿನಾ ಒಂದು ಚೊಂಬು ಹಾಕಿದರೆ ಬೇರು ಮೇಲೆಯೇ ಉಳಿಯುತ್ತದೆ. ಎರಡನೇ ಬೇಸಿಗೆ ಹದಿನೈದು ದಿನಕ್ಕೊಮ್ಮೆ 40 ಲೀಟರ್. ಮೂರನೇ ವರ್ಷ ಎರಡಕ್ಕೂ ನೀರು ಬೇಕಾಗಲಿಕ್ಕಿಲ್ಲ. ಬುಡದ ಸುತ್ತ 3–4 ಇಂಚು ಭತ್ತದ ಹುಲ್ಲು ಹೊದಿಸಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಿ. ಮಾರ್ಚ್‌ನಲ್ಲಿ ಎರಿ ಬಿರಿಯಲು ಶುರುವಾದಾಗ ಬಿರುಕಿಗೆ ಕುರುಪಿಯಿಂದ ಪುಡಿ ಮಣ್ಣು ತುಂಬಿ. ಮಣ್ಣು ಬಿರಿಯುವಾಗ ಎಳೆ ಬೇರು ಹರಿಯುತ್ತದೆ, ಬಿಸಿ ಗಾಳಿ ಒಳಗೆ ಹೊಕ್ಕು ಉಳಿದದ್ದನ್ನು ಒಣಗಿಸುತ್ತದೆ. ಆಡಿನ ಬಾಯಿಗೆ ಬೇವು ರುಚಿ, ಹೊಂಗೆ ಅಷ್ಟಾಗಿ ಅಲ್ಲ. ಆದರೂ ದನ ಮೈ ಉಜ್ಜುವುದರಿಂದ ಎರಡಕ್ಕೂ ಎರಡು ವರ್ಷ ಮುಳ್ಳಿನ ಬೇಲಿ ಬೇಕೇಬೇಕು.

ಸವರುವುದರಲ್ಲಿ ಹೊಂಗೆಯದೇ ಹೆಚ್ಚು ಕೆಲಸ. ಬಿಟ್ಟರೆ ಸೊಂಟದೆತ್ತರದಲ್ಲೇ ನಾಲ್ಕು ಕಾಂಡ ಎಬ್ಬಿಸಿ ಪೊದೆಯಾಗುತ್ತದೆ. ಮೊದಲ ಮೂರು ವರ್ಷ, ವರ್ಷಕ್ಕೊಮ್ಮೆ ಕೆಳಗಿನ ಒಂದೆರಡು ಕೊಂಬೆ ತೆಗೆದು 7 ಅಡಿವರೆಗೆ ಒಂದೇ ಕಾಂಡ ಮಾಡಿ. ಬೇವು ಬಹುಪಾಲು ತಾನೇ ನೆಟ್ಟಗೆ ಹೋಗುತ್ತದೆ. ಸವರಲೇಬೇಕಾದರೆ ಮಳೆಗಾಲ ಬಿಟ್ಟು ಒಣ ದಿನಗಳಲ್ಲಿ ಸವರಿ.

ಪಶ್ಚಿಮದ ಬಿಸಿಲಿಗೆ ಹೊಂಗೆಯೇ ಗಟ್ಟಿ ನೆರಳು. ಬೇಸಿಗೆಯ ಆರಂಭದಲ್ಲಿ ಕೆಲವು ವಾರ ಬೋಳಾಗಿ, ಏಪ್ರಿಲ್ ಹೊತ್ತಿಗೆ ಹೊಳೆಯುವ ತಿಳಿಹಸಿರು ಎಲೆ ತುಂಬಿಕೊಂಡು, ಸುಡು ಬಿಸಿಲು ಬರುವಷ್ಟರಲ್ಲಿ ದಟ್ಟವಾಗಿರುತ್ತದೆ. ಹೂವು ಉದುರಿ ಅಂಗಳ ತುಂಬುತ್ತದೆ, ದಿನಾ ಗುಡಿಸಬೇಕು. ಎಲೆಯ ಮೇಲೆ ಕಜ್ಜಿಯಂತೆ ಗುಳ್ಳೆ ಎದ್ದರೆ ಗಾಬರಿ ಬೇಡ. ಕಣ್ಣಿಗೆ ಕಾಣದ ನುಸಿಯ ಕೆಲಸ ಅದು, ಮರಕ್ಕೆ ಹಾನಿ ಅಷ್ಟಕ್ಕಷ್ಟೇ, ಔಷಧಿಗೆ ದುಡ್ಡು ಹಾಕಬೇಡಿ. ಬೇವಿನ ಹಣ್ಣು ಜೂನ್–ಜುಲೈನಲ್ಲಿ ಬಿದ್ದು ಜಾರುತ್ತದೆ, ನೊಣ ಕೂರುತ್ತದೆ. ಕಾರು ನಿಲ್ಲಿಸುವ ಜಾಗ ಅದರ ಕೆಳಗೆ ಬೇಡ.

ಉಪಯೋಗದ ಲೆಕ್ಕಕ್ಕೆ ಬಂದರೆ, ಹೊಂಗೆ ಸೊಪ್ಪನ್ನು ನಾಟಿಗೆ ಮೊದಲು ಕೆಸರಿನಲ್ಲಿ ತುಳಿಸಬಹುದು, ನಿಮ್ಮದೇ ಗದ್ದೆಯಿದ್ದರೆ ಇದೊಂದೇ ಕಾರಣ ಸಾಕು. ಬೀಜ ಗಾಣಕ್ಕೆ ಕೊಟ್ಟರೆ ಸುಮಾರು 4 ಕೆಜಿಗೆ 1 ಲೀಟರ್ ಎಣ್ಣೆ, ಉಳಿದ ಹಿಂಡಿ ಗೊಬ್ಬರಕ್ಕೆ. ಕಟ್ಟಿಗೆ ಒಲೆಗಷ್ಟೇ, ಹುಳ ಬೇಗ ಹಿಡಿಯುತ್ತದೆ. ಬೇವಿನ ದಿಮ್ಮಿ ಬಾಗಿಲು ಚೌಕಟ್ಟಿಗೂ ಬರುತ್ತದೆ. ಬೀಜದಿಂದ ಹತ್ತಿ, ತೊಗರಿ, ಮೆಣಸಿನಕಾಯಿಗೆ ಶೇ 5ರ ಕಷಾಯ ಮಾಡಬಹುದು: ಒಣ ಬೀಜದ ತಿರುಳಿನ ಪುಡಿ 5 ಕೆಜಿಯನ್ನು ಬಟ್ಟೆಯಲ್ಲಿ ಕಟ್ಟಿ 10 ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಿಂಡಿ ಸೋಸಿ, 100 ಗ್ರಾಂ ಸೋಪಿನ ಪುಡಿ ಕದಡಿ 100 ಲೀಟರ್ ಮಾಡಿ, ಅದೇ ದಿನ ಸಂಜೆ ಸಿಂಪಡಿಸಿ. ಬಿಸಿಲಿಗೆ ಇದರ ಕಸುವು ಬೇಗ ಹೋಗುತ್ತದೆ. ಬೇವಿನೆಣ್ಣೆಯನ್ನು ಕೂಸುಗಳಿಗೆ ಹೊಟ್ಟೆಗೆ ಮಾತ್ರ ಹಾಕಬೇಡಿ, ಜೀವಕ್ಕೇ ಕುತ್ತು.

ಪ್ರಶ್ನೆ: ಸಿರುಗುಪ್ಪದ ಹತ್ತಿರ ನಮ್ಮ ಹೊಲದ ದೊಡ್ಡ ಬೇವಿನ ಮರದ ತುದಿಗಳೆಲ್ಲ ಮಳೆಗಾಲ ಮುಗಿಯುವಷ್ಟರಲ್ಲಿ ಬೆಂಕಿ ತಾಗಿದಂತೆ ಕಂದಾಗಿವೆ. ಬೇವು ಬಿಟ್ಟು ಹೊಂಗೆ ಹಾಕಲೇ?

ಉತ್ತರ: ಕೊಡಲಿ ಕೆಳಗಿಡಿ. ಇದು ತುದಿ ಒಣಗುವ ರೋಗ. ಫೋಮಾಪ್ಸಿಸ್ ಎಂಬ ಶಿಲೀಂಧ್ರ ಮಳೆಯ ತೇವದಲ್ಲಿ ಚಿಗುರಿಗೆ ಹತ್ತುತ್ತದೆ. ರಸ ಹೀರುವ ಟೀ ಸೊಳ್ಳೆ ತಿಗಣೆ ಚುಚ್ಚಿದಾಗಲೂ ತುದಿ ಹೀಗೇ ಬಾಡುತ್ತದೆ, ಎರಡೂ ಕೂಡಿದರೆ ಇಡೀ ಮರ ಸುಟ್ಟಂತೆ ಕಾಣುತ್ತದೆ. ದೊಡ್ಡ ಮರ ಸಾಮಾನ್ಯವಾಗಿ ಬೇಸಿಗೆಯಲ್ಲಿ ಮತ್ತೆ ಚಿಗುರುತ್ತದೆ, ಆ ವರ್ಷದ ಹೂ ಕಾಯಿ ಮಾತ್ರ ಕಡಿಮೆ. 50 ಅಡಿ ಮರಕ್ಕೆ ಔಷಧಿ ಹೊಡೆಯಲು ಹೋಗುವುದು ದಂಡ. ಸಣ್ಣ ಸಸಿಯಾಗಿದ್ದರೆ ಒಣಗಿದ ತುದಿಯನ್ನು ಹಸಿರು ಭಾಗದಲ್ಲಿ ಅರ್ಧ ಅಡಿ ಸೇರಿಸಿ ಕತ್ತರಿಸಿ ಸುಡಿ. ಲೀಟರ್ ನೀರಿಗೆ 1 ಗ್ರಾಂ ಕಾರ್ಬೆಂಡಜಿಮ್ ಬೆರೆಸಿ ಸಿಂಪಡಿಸಿ, ಮೂರು ವಾರ ಬಿಟ್ಟು ಇನ್ನೊಮ್ಮೆ. ಆದರೆ ಮರದ ಬುಡದಲ್ಲಿ ಗದ್ದೆಯ ನೀರು ನಿಲ್ಲುತ್ತಿದ್ದು, ಬೇಸಿಗೆಯಲ್ಲೂ ಚಿಗುರು ಬರದೆ ದಪ್ಪ ಕೊಂಬೆಗಳೇ ಒಣಗುತ್ತಿದ್ದರೆ ಅದು ಬೇರಿನ ತೊಂದರೆ. ಮೊದಲು ಬಸಿಗಾಲುವೆ ತೋಡಿ.

ಪ್ರಶ್ನೆ: ಕುಷ್ಟಗಿ ಕಡೆ ಮಸಾರಿ (ಕೆಂಪು ಮಣ್ಣಿನ) ಭೂಮಿ. ಕಳೆದ ವರ್ಷ ಕೂಡಿಟ್ಟ ಬೇವು, ಹೊಂಗೆ ಬೀಜ ಈ ಜೂನ್‌ನಲ್ಲಿ ಹಾಕಿದೆವು. ಹೊಂಗೆ ಹುಟ್ಟಿತು, ಬೇವು ಒಂದೂ ಹುಟ್ಟಲಿಲ್ಲ.

ಉತ್ತರ: ಹುಟ್ಟುವುದೂ ಇಲ್ಲ. ಬೇವಿನ ಬೀಜದ ಜೀವ ಕೆಲವೇ ವಾರ. ಹೊಂಗೆ ಬೀಜ ತಂಪಾದ, ಒಣ ಜಾಗದಲ್ಲಿ ಸುಮಾರು ಒಂದು ವರ್ಷ ಇರುತ್ತದೆ. ಜೂನ್–ಜುಲೈನಲ್ಲಿ ಹಳದಿಯಾದ ಬೇವಿನ ಹಣ್ಣನ್ನು ಆರಿಸಿ, ತೊಗಟೆ ತಿರುಳು ತೊಳೆದು, ನೆರಳಿನಲ್ಲಿ ಒಂದೆರಡು ದಿನ ಆರಿಸಿ, ವಾರದೊಳಗೆ ಚೀಲಕ್ಕೆ ಹಾಕಿ. ಬೀಜ ಅಡ್ಡವಾಗಿ, ಒಂದು ಇಂಚು ಆಳ. ಒಂದರಿಂದ ಮೂರು ವಾರಕ್ಕೆ ಮೊಳಕೆ. ಹೊಂಗೆಗೆ ಕಾಯಿ ಸುಲಿದು ಬೀಜವನ್ನು ರಾತ್ರಿ ನೀರಿನಲ್ಲಿ ನೆನೆಸಿದರೆ ಸಾಕು. ನೀರು ಇಂಗುವ ನಿಮ್ಮ ಮಸಾರಿಗೆ ಎರಡೂ ಒಗ್ಗುತ್ತವೆ. ಆದರೆ ಮೊದಲೆರಡು ಬೇಸಿಗೆ ನೀರು ಹೊತ್ತು ಹಾಕುವ ಅನುಕೂಲ ಇಲ್ಲದಿದ್ದರೆ ಬೇವಿನ ಬೀಜವನ್ನು ಮಳೆ ಬಿದ್ದ ಮೇಲೆ ಹೊಲದಲ್ಲೇ, ಮುಳ್ಳುಪೊದೆಯ ಮಗ್ಗುಲಲ್ಲಿ ಗುಣಿಗೆ ಮೂರರಂತೆ ಊರಿ. ಚೀಲದಲ್ಲಿ ಬೆಳೆದ ಸಸಿಗಿಂತ ಅಲ್ಲೇ ಹುಟ್ಟಿದ್ದರ ತಾಯಿಬೇರು ನೆಟ್ಟಗೆ ಇಳಿಯುತ್ತದೆ, ಆಡಿನ ಬಾಯಿಗೂ ಸುಲಭಕ್ಕೆ ಸಿಗುವುದಿಲ್ಲ.