ವಾರಂಟ್ ಬರೆದರು, ಹಿಡಿಯೋರು ಯಾರು?

ಪ್ರಿಯರೇ,

ಗದಗದಿಂದ ನೀವು ಕಳಿಸಿದ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಲೇಖನ ಓದಿದೆ. ನೇರವಾಗಿ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಆದರೆ ಕೈಬಿಡಲು ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ನರಮೇಧ, ಯುದ್ಧಾಪರಾಧದಂಥ ಆರೋಪ ಹೊತ್ತವರನ್ನು ವಿಚಾರಿಸುವ ಕೋರ್ಟು ಇದು. ಮುಕ್ಕಾಲು ಲೇಖನದ ತುಂಬ ಇದನ್ನು ಹುಟ್ಟುಹಾಕಿದ 1998ರ ರೋಮ್ ಒಪ್ಪಂದದ ಕಲಂಗಳೇ. ಕೊನೆಗೆ ಒಮ್ಮೆಲೇ ‘ಈ ಕೋರ್ಟು ಹಲ್ಲು ಕಿತ್ತ ಹಾವು’ ಎಂದು ಮುಗಿಸಿದ್ದೀರಿ. ನಡುವೆ ಇರಬೇಕಾದ ರಾಜಕೀಯ ಎಲ್ಲಿ ಹೋಯಿತು? ಆ ಕೋರ್ಟಿಗೆ ಸ್ವಂತ ಪೊಲೀಸರಿಲ್ಲ. ಆರೋಪಿಯನ್ನು ಹಿಡಿದುಕೊಡಬೇಕಾದದ್ದು ಯಾವುದೋ ದೇಶದ ಸರ್ಕಾರ. ಆ ಹೊತ್ತಿಗೆ ಆ ಸರ್ಕಾರಕ್ಕೆ ಏನು ಬೇಕಾಗಿದೆ ಅನ್ನೋದನ್ನು ನೋಡದೆ ಕೋರ್ಟಿನ ಬಲ ಅಳೆಯಲು ಬರುವುದಿಲ್ಲ.

ಫಿಲಿಪೀನ್ಸ್‌ನ ಮಾಜಿ ಅಧ್ಯಕ್ಷ ಡುಟೆರ್ಟೆ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ಲೇಖನದ ಜೀವ ಅಲ್ಲೇ ಇದೆ. ಫಿಲಿಪೀನ್ಸ್ 2019ರಲ್ಲೇ ಒಪ್ಪಂದದಿಂದ ಹೊರಬಂದಿತ್ತು. ಅಧ್ಯಕ್ಷ ಮಾರ್ಕೋಸ್ ಜೂನಿಯರ್ ಕೂಡ ಕೋರ್ಟಿಗೆ ಸಹಕರಿಸುವುದಿಲ್ಲ ಎನ್ನುತ್ತಿದ್ದರು. 2022ರ ಚುನಾವಣೆಯಲ್ಲಿ ಅವರ ಜೋಡಿಯಾಗಿ ಗೆದ್ದು ಉಪಾಧ್ಯಕ್ಷೆಯಾದವರು ಡುಟೆರ್ಟೆಯ ಮಗಳು ಸಾರಾ, ಅಲ್ವಾ? ಆಮೇಲೆ ಎರಡೂ ಮನೆತನಗಳ ನಡುವೆ ಜಗಳ ಹತ್ತಿತು. 2025ರ ಮಾರ್ಚ್ 11ರಂದು ಹಾಂಗ್‌ಕಾಂಗ್‌ನಿಂದ ಮನಿಲಾಕ್ಕೆ ಬಂದಿಳಿದ ಡುಟೆರ್ಟೆಯನ್ನು ವಿಮಾನ ನಿಲ್ದಾಣದಲ್ಲೇ ಹಿಡಿದರು. ಅದೇ ರಾತ್ರಿ ಹೇಗ್‌ಗೆ ಕಳಿಸಿಬಿಟ್ಟರು. ಆ ಜಗಳ ಆಗದೇ ಇದ್ದಿದ್ದರೆ ಆ ವಿಮಾನ ಹೊರಡುತ್ತಿತ್ತು ಅಂತ ನನಗೆ ಅನಿಸುವುದಿಲ್ಲ. ಹಾಗಂತ ಡುಟೆರ್ಟೆ ಮೇಲಿನ ಆರೋಪದ ಮೂಲವಾದ ಮಾದಕವಸ್ತು ವಿರೋಧಿ ಕಾರ್ಯಾಚರಣೆಯಲ್ಲಿ ಸತ್ತವರ ಮನೆಯವರನ್ನು ಮರೆಯಬೇಡಿ. ವರ್ಷಗಟ್ಟಲೆ ಪಟ್ಟು ಬಿಡದೆ ನ್ಯಾಯ ಕೇಳುತ್ತಾ ಬಂದವರು ಅವರು.

ಇದರ ಪಕ್ಕಕ್ಕೆ ಸುಡಾನಿನ ಆಗಿನ ಅಧ್ಯಕ್ಷ ಬಷೀರ್‌ರನ್ನು ಇಟ್ಟು ನೋಡಿ. ವಾರಂಟ್ ಬಂದದ್ದು 2009ರಲ್ಲಿ. 2015ರಲ್ಲಿ ಅವರು ಈ ಕೋರ್ಟಿನ ಸದಸ್ಯ ದೇಶವಾದ ದಕ್ಷಿಣ ಆಫ್ರಿಕಾಕ್ಕೆ ಹೋದರು. ಅಲ್ಲಿನ ಹೈಕೋರ್ಟ್ ದೇಶ ಬಿಡಕೂಡದು ಎಂದರೂ ಸರ್ಕಾರ ಸುಮ್ನೆ ಕಳಿಸಿಕೊಟ್ಟಿತು. ಈ ಕೋರ್ಟು ಆಫ್ರಿಕಾದವರನ್ನೇ ಹಿಡಿಯುತ್ತದೆ ಎಂಬ ಸಿಟ್ಟು ಆಗ ಆ ಖಂಡದಲ್ಲಿ ಜೋರಾಗಿತ್ತು.

‘ಹಲ್ಲು ಕಿತ್ತ ಹಾವು’ ಅನ್ನೋದೂ ಅವಸರದ ಮಾತು. 2023ರ ಮಾರ್ಚ್‌ನಲ್ಲಿ ಪುಟಿನ್ ಮೇಲೆ ವಾರಂಟ್ ಬಂತು. ಆಗಸ್ಟ್‌ನಲ್ಲಿ ಅದೇ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿ ನಡೆದ ಬ್ರಿಕ್ಸ್ ಸಭೆಗೆ ಅವರು ಹೋಗಲಿಲ್ಲ. ಮರುವರ್ಷ ಇನ್ನೊಂದು ಸದಸ್ಯ ದೇಶ ಮಂಗೋಲಿಯಾಕ್ಕೆ ಹೋದಾಗ ಯಾರೂ ಮುಟ್ಟಲಿಲ್ಲ. ಆ ದೇಶಕ್ಕೆ ಪೆಟ್ರೋಲ್, ಡೀಸೆಲ್ ಜಾಸ್ತಿ ಬರೋದು ರಷ್ಯಾದಿಂದಲೇ.

ಒಂದು ತಪ್ಪೂ ಇದೆ, ಕುಲಭೂಷಣ ಜಾಧವ್ ಪ್ರಕರಣವನ್ನು ಈ ಕೋರ್ಟಿಗೆ ಅಂಟಿಸಿದ್ದೀರಿ. ಭಾರತ ಈ ಕೋರ್ಟಿನ ಸದಸ್ಯ ಅಲ್ಲ. ಆ ಪ್ರಕರಣ ನಡೆದದ್ದು ಅದೇ ಊರಿನ ಬೇರೆ ಕೋರ್ಟಾದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ. ಅಲ್ಲಿಗೆ ಬರೋದು ದೇಶ ದೇಶಗಳ ನಡುವಿನ ವ್ಯಾಜ್ಯ.

ನಮ್ಮ ಓದುಗರಲ್ಲಿ ನವಲಗುಂದ, ನರಗುಂದದ ರೈತರಿದ್ದಾರೆ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ತೀರ್ಪು ಕೊಟ್ಟಿತು, 2020ರಲ್ಲಿ ಗೆಜೆಟ್‌ನಲ್ಲೂ ಬಂತು. ಆಮೇಲೂ ಅವರು ನೀರಿಗೆ ಕಾದವರು. ತೀರ್ಪು ಜಾರಿಯಾಗಲು ಏನೇನು ಕೂಡಿಬರಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತು. ಅವರ ಎದುರು ಕೂತು ಮಾತಾಡುವ ಹಾಗೆ ಬರೆಯಿರಿ.

ಕಲಂಗಳನ್ನು ಅರ್ಧ ಪುಟಕ್ಕೆ ಇಳಿಸಿ, ಮನಿಲಾದಿಂದ ಶುರು ಮಾಡಿ, ಮತ್ತೆ ಕಳಿಸಿ.

ಸಂಪಾದಕ,
ಧಾರವಾಡ